ಸಂಚಾಲಕರ ಟವೆಲ್ಲು

"ಇನ್ನು ಮುಂದೆ ಈ ನಾಸಿಕ್ಕಿನಲ್ಲಿ ಒಬ್ಬೇ ಒಬ್ಬ ನರಮನುಷ್ಯ ಸ್ವಂತ ಗಾಡಿಯಲ್ಲಿ ಕ್ರೀಡಾಂಗಣಕ್ಕೆ ಹೋಗಕೂಡದು! ಎಲ್ಲರನ್ನೂ ಬಸ್ಸು ಹತ್ತಿಸದಿದ್ದರೆ ನನ್ನ ಹೆಸರು ಕಾಶೀನಾಥನೇ ಅಲ್ಲ!"

ಇಂಥ ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ನಮ್ಮ ಅಡುಗೆಮನೆಯಲ್ಲಿ, ಜೋಳದ ರೊಟ್ಟಿ ಮುರಿಯುತ್ತಾ. ದೇವತೆಗಳು ಹೂಮಳೆಯನ್ನೇನೂ ಸುರಿಸಲಿಲ್ಲ. ನನ್ನ ಹೆಂಡತಿ ನೀಲಾಂಬಿಕಾ ತಟ್ಟೆಗೆ ಇನ್ನೊಂದು ಸೌಟು ಪುಂಡಿಪಲ್ಯ ಸುರಿದಳು.

"ಮೊದ್ಲ ನೀವು ನಿಮ್ಮ ಅಂಗಡಿಗಿ ವೇಳ್ಯಾಕ್ಕ ಹೋಗೋದು ಕಲೀರಿ. ಆಮ್ಯಾಲೆ ಮಂದೀನ್ನ ಬಸ್ ಹತ್ತಿಸ್ರಿ" ಎಂದಳು.

ಮಹಾಕಾರ್ಯಗಳಿಗೆ ಮೊದಲ ವಿಘ್ನ ಯಾವಾಗಲೂ ಮನೆಯಿಂದಲೇ ಬರುತ್ತದೆ. ನಾನು ಗಮನ ಕೊಡಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂಲ ಊರು ಕಲಬುರಗಿ ಜಿಲ್ಲೆಯ ಆಳಂದದ ಕಡೆ. ಹೊಟ್ಟೆಪಾಡು ನಾಸಿಕ್ ರೋಡಿನಲ್ಲಿ. ನಲ್ಲಿ, ಪೈಪು, ಕಮೋಡು ಮಾರುವ ದೊಡ್ಡ ಅಂಗಡಿಯೊಂದರ ಮ್ಯಾನೇಜರು. ಯಾವ ಪೈಪಿನಲ್ಲಿ ನೀರು ಎಲ್ಲಿ ಕಟ್ಟಿಕೊಂಡಿದೆ ಎಂದು ಗೋಡೆಗೆ ಕಿವಿಯಿಟ್ಟೇ ಹೇಳಬಲ್ಲೆ. ನೀರಿನ ಹರಿವು ತಿಳಿದವನಿಗೆ ಜನರ ಹರಿವು ತಿಳಿಯದೇ? ಕ್ರೀಡಾಂಗಣವೆಂದರೆ ಒಂದು ನೀರಿನ ಟಾಕಿ. ರಸ್ತೆ ಎಂದರೆ ಅದರ ಪೈಪು. ಒಂದೊಂದು ಕಾರಿನಲ್ಲಿ ಒಬ್ಬೊಬ್ಬನೇ ಕೂತು ಹೊರಟರೆ ಅದು ಕಸ. ಬ್ಲಾಕ್ ಆಗದೆ ಇನ್ನೇನಾದೀತು!

ಈ ಜ್ಞಾನೋದಯ ನನಗೆ ಆದದ್ದು ಕಳೆದ ಬೇಸಿಗೆಯಲ್ಲಿ. ಊರ ಹೊರಗೆ, ಛತ್ರಪತಿ ಸಂಭಾಜಿನಗರದ ರಸ್ತೆಯಲ್ಲಿ ಹೊಸದಾಗಿ ದೊಡ್ಡ ಕ್ರೀಡಾಂಗಣ ಎದ್ದಿದೆಯಲ್ಲ, ಅಲ್ಲಿ ಒಂದು ಭಾರೀ ಕ್ರಿಕೆಟ್ ಪಂದ್ಯವಿತ್ತು. ಗೆಳೆಯನ ಕಾರು ಕೇಳಿ ತಂದು, ಟೋಪಿ ಹಾಕಿಕೊಂಡು, ಪೀಪಿ ಹಿಡಿದು ಹೋದೆ. ಗೇಟಿಗೆ ಇನ್ನೂ ಕೂಗಳತೆ ದೂರ ಇರುವಾಗಲೇ ಕಾರು ನಿಂತಿತು. ನಿಂತದ್ದು ನಿಂತೇ ಇತ್ತು. ಒಳಗೆ ಜನ "ಹೋ!" ಎಂದಾಗಲೆಲ್ಲ ನಾನು ಕಾರಿನಲ್ಲಿ ಕೂತು ಪೀಪಿ ಊದಿದೆ. ಅದು ಸಿಕ್ಸರಿಗೋ, ನಮ್ಮವನೇ ಔಟಾದುದಕ್ಕೋ ಶಿವನೇ ಬಲ್ಲ.

ರಾತ್ರಿ ಮನೆಗೆ ಬಂದಾಗ ನೀಲಾಂಬಿಕಾ ಕೇಳಿದಳು, "ಮ್ಯಾಚ್ ಹ್ಯಾಂಗಿತ್ರಿ?"

"ಪಾರ್ಕಿಂಗು ಛೊಲೊ ಇತ್ತು" ಎಂದೆ.

ಅಂದೇ ಹುಟ್ಟಿತು 'ಕ್ರೀಡಾಂಗಣ ಸಾರಿಗೆ ಸುಧಾರಣಾ ನಾಗರಿಕ ಸಮಿತಿ'. ಸಂಚಾಲಕ ನಾನು. ಸದಸ್ಯರು ಮನ್ಮಥಪ್ಪನವರು. ಅಷ್ಟೇ. ಮನ್ಮಥಪ್ಪನವರು ಭಾಲ್ಕಿ ಕಡೆಯವರು, ನಮ್ಮ ಗಲ್ಲಿಯವರೇ, ನಿವೃತ್ತರು. ನಾನು ಏನು ಹೇಳಿದರೂ "ಬರೋಬ್ಬರಿ ಅದ" ಎನ್ನುವುದು ಅವರ ಸ್ವಭಾವ. ಸಮಿತಿಗೆ ಇದಕ್ಕಿಂತ ಯೋಗ್ಯ ಸದಸ್ಯರು ಎಲ್ಲಿ ಸಿಗುತ್ತಾರೆ?

ನಾಲ್ಕು ತಿಂಗಳು ನಾನು ಅರ್ಜಿಗಳ ಮಳೆಗರೆದೆ. ಬಸ್ಸಿನ ಕಚೇರಿಗೆ, ಕ್ರೀಡೆಯ ಕಚೇರಿಗೆ, ಪತ್ರಿಕೆಗಳ ಓದುಗರ ಅಂಕಣಕ್ಕೆ, ಕೊನೆಗೆ ಯಾರಿಗೆ ಬರೆಯಬೇಕೆಂದು ತಿಳಿಯದೆ ಎಲ್ಲರಿಗೂ. "ಕ್ರೀಡಾಂಗಣಕ್ಕೆ ಒಂದೇ ಒಂದು ಬಸ್ಸೂ ಇಲ್ಲದ ಈ ನಾಡಿನಲ್ಲಿ…" ಎಂದು ಶುರುವಾಗುತ್ತಿದ್ದ ನನ್ನ ಅರ್ಜಿ ಓದಿದರೆ ಕಲ್ಲೂ ಕರಗಬೇಕು. ಕಚೇರಿಯೂ ಕರಗಿತು! ದಸರೆಯ ಮರುದಿನ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟವಿತ್ತು. ಅಂದೇ ನಾಸಿಕ್ ರೋಡ್ ಬಸ್ ಸ್ಟ್ಯಾಂಡಿನಿಂದ ಕ್ರೀಡಾಂಗಣಕ್ಕೆ ವಿಶೇಷ ಬಸ್ಸಿನ ಉದ್ಘಾಟನೆ! ಕರೆಂಟಿನ ಬಸ್ಸು, ಏಸಿ ಬಸ್ಸು, ಗಾಜು ತೆರೆಯದ ಬಸ್ಸು!

ಸಂಭ್ರಮಕ್ಕೆ ಟವೆಲ್ಲುಗಳನ್ನು ಮಾಡಿಸಿದೆ. ನಮ್ಮ ಕಡೆ ಯಾರಿಗಾದರೂ ಮರ್ಯಾದೆ ಮಾಡಬೇಕೆಂದರೆ ಟವೆಲ್-ಟೋಪಿ ಕೊಡದೆ ನಡೆಯುತ್ತದೆಯೇ? ಬಿಳಿಯ ಉದ್ದನೆ ಟವೆಲ್ಲಿನ ಮೇಲೆ ಕೆಂಪು ದಪ್ಪಕ್ಷರದಲ್ಲಿ, ಮರಾಠಿಯಲ್ಲಿ, ಸಮಿತಿಯ ಹೆಸರು. ಅದರ ಕೆಳಗೆ ಇನ್ನೂ ದಪ್ಪಗೆ 'ಸಂಚಾಲಕ: ಕಾಶೀನಾಥ'. ಕೆಳಗೆ ನನ್ನ ಫೋನ್ ನಂಬರು.

"ಸಮಿತೀ ಹೆಸರಿಗಿಂತ ನಿಮ್ಮ ಹೆಸರೇ ದೊಡ್ಡದು ಆಗ್ಯಾದಲ್ರಿ" ಎಂದಳು ನೀಲಾಂಬಿಕಾ.

"ದೂರದಿಂದ ಕಾಣಬೇಕಲ್ಲ!"

"ಕಾಣ್ತದ, ಕಾಣ್ತದ" ಎಂದಳು. ಆ ಮಾತು ಎಷ್ಟು ನಿಜವಾಗುತ್ತದೆಂದು ನಮಗಿಬ್ಬರಿಗೂ ಆಗ ತಿಳಿದಿರಲಿಲ್ಲ.

ಇಲ್ಲಿ ಕಥೆಗೆ ನನ್ನ ಮಗಳು ಪ್ರಾಚಿ ಪ್ರವೇಶಿಸುತ್ತಾಳೆ. ಒಂಬತ್ತನೆಯ ತರಗತಿ. ಗುಂಡು ಎಸೆತದಲ್ಲಿ ಆಕೆಯ ಶಾಲೆಗೇ ಮೊದಲಿಗಳು. ಮೂರು ಕಿಲೋ ಕಬ್ಬಿಣದ ಗುಂಡನ್ನು ಗದ್ದದ ಕೆಳಗಿಟ್ಟುಕೊಂಡು ಆಕೆ ಒಮ್ಮೆ ಹೂಂಕರಿಸಿದರೆ ಬೀದಿನಾಯಿಗಳು ಗಲ್ಲಿ ಬದಲಾಯಿಸುತ್ತವೆ. ಅದೇ ಕ್ರೀಡಾಕೂಟದಲ್ಲಿ, ಅದೇ ದಿನ ಬೆಳಗ್ಗೆ ಆಕೆಯ ಸ್ಪರ್ಧೆ. ಆಕೆ ಮೂರು ವರ್ಷ ಬೆವರು ಸುರಿಸಿದ್ದು ಇದೊಂದು ದಿನಕ್ಕಾಗಿ. ಮೊದಲ ಇಬ್ಬರು ವಿಭಾಗ ಮಟ್ಟಕ್ಕೆ ಹೋಗುತ್ತಾರೆ.

"ನಾ ಪ್ರಾಚೀನ್ನ ಸ್ಕೂಟೀ ಮ್ಯಾಲೆ ಕರ್ಕೊಂಡು ಹೋಗ್ತೀನಿ. ನೀವು ನಿಮ್ಮ ಬಸ್ಸಿನಾಗ ಬರ್ರಿ" ಎಂದಳು ನೀಲಾಂಬಿಕಾ.

ನನ್ನ ಎದೆ ಒಡೆಯಿತು. "ಸಂಚಾಲಕನ ಹೆಂಡತಿ ಸ್ಕೂಟಿಯ ಮೇಲೆ! ಜಗತ್ತು ಏನೆಂದೀತು!"

"ಜಗತ್ತು ಬಾಜೂಕ ಸರ್ದು ದಾರಿ ಕೊಡ್ತದ."

"ಪಪ್ಪಾ, ಪ್ಲೀಸ್, ಉಶೀರ್ ಹೋಯೀಲ್" ಎಂದಳು ಪ್ರಾಚಿ. ತಡವಾಗುತ್ತದೆ ಎಂದು. ನಮ್ಮ ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮರಾಠಿ. ಸಿಟ್ಟು ಬಂದರೆ ಹಿಂದಿ.

ನಾನು ಜಗ್ಗಲಿಲ್ಲ. ಆಸೆ ಎಂಬುದು ಕಣ್ಣೆದುರಿಗಿದ್ದರೆ ಮನುಷ್ಯ ಜಾರುತ್ತಾನೆ. ಆದ್ದರಿಂದ ಸ್ಕೂಟಿಯ ಕೀಲಿಯನ್ನು ಎತ್ತಿ ಪ್ರಾಚಿಯ ಚೀಲದ ತಳಕ್ಕೆ ಹಾಕಿ, ಮೇಲೆ ಅವಳ ಬೂಟು, ನಂಬರು ಹೊಲಿದ ಅಂಗಿ, ಶಾಲೆಯ ಗುರುತಿನ ಚೀಟಿ, ಅಭ್ಯಾಸದ ಗುಂಡು ಎಲ್ಲ ತುಂಬಿ, ಜಿಪ್ಪೆಳೆದು, ಹಿಡಿಕೆಗೆ ಸಮಿತಿಯ ಟವೆಲ್ಲೊಂದನ್ನು ಕಟ್ಟಿದೆ. "ಈ ಚೀಲದ ಜವಾಬ್ದಾರಿ ನನ್ನದು!" ಎಂದು ಹೆಗಲಿಗೇರಿಸಿದೆ.

ಬಸ್ ಸ್ಟ್ಯಾಂಡಿಗೆ ಬಂದಾಗ ಮನ್ಮಥಪ್ಪನವರು ತೆಂಗಿನಕಾಯಿ ಹಿಡಿದು ನಿಂತಿದ್ದರು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಕಾರಿನಲ್ಲಿ ಬರುತ್ತಿದ್ದರು, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು! "ನೋಡಿದಿರಾ ಮನ್ಮಥಪ್ಪನವರೇ, ನಾನು ಹೇಳಲಿಲ್ಲವೇ?" ಎಂದೆ. "ಬರೋಬ್ಬರಿ ಅದ" ಎಂದರು.

ಅಷ್ಟರಲ್ಲಿ ಒಂದು ಬಸ್ಸು ಧೂಳೆಬ್ಬಿಸುತ್ತಾ ಬಂದು ನಿಂತಿತು. ಮುಂದಿನ ಗಾಜಿಗೆ ಚೆಂಡುಹೂವಿನ ದಪ್ಪ ಹಾರ! ನೂರು ಜನ ಬಾಗಿಲ ಕಡೆಗೆ ನುಗ್ಗಿದರು. ಓದುಗರೇ, ಆ ಕ್ಷಣದಲ್ಲಿ ನನ್ನ ಮೈಯೊಳಗೆ ಏನೋ ಎಚ್ಚರಾಯಿತು. ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ಮೈ ಇದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಕಲೆಯಲ್ಲಿ ನನ್ನನ್ನು ಮೀರಿಸಿದವರು ಆಳಂದ ತಾಲೂಕಿನಲ್ಲೇ ಇರಲಿಲ್ಲ. ಓಡುವ ಬಸ್ಸಿಗೆ ಎಸೆದು ಕಿಟಕಿ ಪಕ್ಕದ ಸೀಟೇ ಹಿಡಿದವನು ನಾನು!

ಒಂದು ಕಿಟಕಿ ತೆರೆದಿತ್ತು. ನನ್ನ ಬಲಗೈ ನನ್ನನ್ನು ಕೇಳಲೇ ಇಲ್ಲ. ಬೂಟು, ಅಂಗಿ, ಗುಂಡು, ಕೀಲಿ ಸಮೇತ ಚೀಲ ಟವೆಲ್ಲು ಹಾರಿಸುತ್ತಾ ಗಾಳಿಯಲ್ಲಿ ತೇಲಿ, ಸರಿಯಾಗಿ ಕಿಟಕಿಯೊಳಗೆ ಹೋಗಿ ದಡ್ ಎಂದು ಬಿತ್ತು.

"ಪಪ್ಪಾ!" ಎಂದಳು ಪ್ರಾಚಿ.

"ಎಸೆತ ನಮ್ಮ ರಕ್ತದಲ್ಲೇ ಇದೆ ಮಗಳೇ! ಮೂರು ಸೀಟು ಹಿಡಿದಾಯಿತು!"

ನೀಲಾಂಬಿಕಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ರೀ, ಅದು ನಿಮ್ಮ ಬಸ್ಸೇ ಏನು? ಕೆಂಪು ಅದಲ್ಲ? ಬೋರ್ಡ್ ಓದಿದ್ರೇನು?"

"ಬೋರ್ಡ್ ಓದುವುದು ಹೊಸಬರ ಕೆಲಸ. ಹಾರ ನೋಡು, ಹಾರ! ಉದ್ಘಾಟನೆಗಲ್ಲದೆ ಬಸ್ಸಿಗೆ ಯಾರಾದರೂ ಹಾರ ಹಾಕುತ್ತಾರೆಯೇ?"

"ದಸರಾಕ್ಕ ಹಾಕ್ತಾರ."

ಹೆಂಗಸರ ಜೊತೆ ವಾದ ಮಾಡಬಾರದೆಂದು ಹಿರಿಯರು ಹೇಳಿದ್ದಾರೆ. ಸೀಟು ಹಿಡಿದ ಮೇಲೆ ಬಸ್ಸಿನಲ್ಲಿ ಕೂತು ಬೆವರುವವನು ಹೇಡಿ. ಟವೆಲ್ ಹಾಕಿದ ಸೀಟಿನ ಮೇಲೆ ನಮ್ಮ ಕಡೆ ಯಾರೂ ಕೂರುವುದಿಲ್ಲ. ಆ ಧೈರ್ಯದ ಮೇಲೆಯೇ ನಮ್ಮ ನಾಡಿನ ಬಸ್ ಸ್ಟ್ಯಾಂಡುಗಳ ಚಹಾ ಅಂಗಡಿಗಳು ನಡೆಯುತ್ತವೆ. "ನೀವಿಬ್ಬರೂ ಬೆಂಚಿನ ಮೇಲೆ ಕೂತಿರಿ. ಮುಖ್ಯ ಅತಿಥಿಗಳು ಬಂದು ಕಾಯಿ ಒಡೆಯದೆ ಬಸ್ಸು ಹೇಗೆ ಹೊರಟೀತು?" ಎಂದು ಮನ್ಮಥಪ್ಪನವರನ್ನು ಕರೆದುಕೊಂಡು ಚಹಾಕ್ಕೆ ಹೋದೆ.

ಎರಡನೆಯ ಗ್ಲಾಸು ಮುಗಿಸುವಾಗ ಬಿಳಿ ಬಸ್ಸೊಂದು ಸದ್ದಿಲ್ಲದೆ ಬಂದು ನಿಂತಿತು. ಬಲೂನು, ರಿಬ್ಬನ್ನು, ಬ್ಯಾನರು. ಬ್ಯಾನರಿನ ಮೇಲೆ ನನ್ನ ಹೆಸರು.

"ಮನ್ಮಥಪ್ಪನವರೇ, ನಮಗೆ ಎರಡು ಬಸ್ಸು ಕೊಟ್ಟಿದ್ದಾರೆ!" ಎಂದೆ.

ಆ ಮಹಾನುಭಾವರು ಆಗಲೂ "ಬರೋಬ್ಬರಿ ಅದ" ಎಂದರು. ನಾನು ತಿರುಗಿ ನೋಡಿದೆ. ಕೆಂಪು ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ಹಸು ನಿಂತಿತ್ತು.

ಗ್ಲಾಸನ್ನು ಮನ್ಮಥಪ್ಪನವರ ಕೈಗೆ ತುರುಕಿದೆ. ಬೆಂಚಿನ ಬಳಿ ಓಡಿದೆ. "ನೀಲಾ, ಬಸ್ಸೆಲ್ಲಿ?"

"ಹೋತು. ಕಂಡಕ್ಟರ ಬಾಯಿ ಹರಕೊಂಡು ಸಂಭಾಜಿನಗರ, ಯೇವಲಾ ಅಂತ ಒದರಿ ಒದರಿ ಒಯ್ದಾನ. ನಾವು ಹಿಂದ ಓಡಿದ್ವಿ, ಚೀರಿದ್ವಿ, ನಿಲ್ಲಿಸಲಿಲ್ಲ. ಇಷ್ಟೊತ್ತು ನಿಮ್ಮ ಫೋನಿಗಿ ಹಚ್ಚಲಕತ್ತೀನಿ. ಎತ್ತವಲ್ರಿ!"

ಫೋನನ್ನು ನಾನೇ ಭಾಷಣದ ತಾಲೀಮಿಗೆಂದು ಸದ್ದಿಲ್ಲದಂತೆ ಮಾಡಿಟ್ಟಿದ್ದೆ. ಈಗ ಸದ್ದು ತೆರೆದೆ. ಪ್ರಾಚಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು, ಚಪ್ಪಲಿ ಹಾಕಿದ ತನ್ನ ಕಾಲನ್ನೇ ನೋಡುತ್ತಾ ಕೂತಿದ್ದಳು. ಬೂಟಿಲ್ಲ, ನಂಬರಿಲ್ಲ, ಗುರುತಿನ ಚೀಟಿಯಿಲ್ಲ. ಮೂರು ವರ್ಷದ ಬೆವರು ಯೇವಲಾದ ಕಡೆಗೆ ಹೋಗುತ್ತಿತ್ತು!

"ಸ್ಕೂಟಿ ತರ್ತೀನಿ, ಬಸ್ಸಿನ ಹಿಂದ ಹೋಗೂಣು" ಎಂದು ನೀಲಾಂಬಿಕಾ ಎದ್ದಳು. "ಕೀಲಿ ಕೊಡ್ರಿ."

ನಾನು ಆಕಾಶ ನೋಡಿದೆ.

"ಕೀಲಿ ಎಲ್ಲಿ ಅದ?"

"ಚೀಲದಾಗ" ಎಂದೆ. ಇಂಥ ಹೊತ್ತಿನಲ್ಲಿ ನನ್ನ ಗ್ರಾಂಥಿಕ ಕನ್ನಡವೂ ಕೈಕೊಡುತ್ತದೆ.

ಆಕೆ ನನ್ನನ್ನು ನೋಡಿದ ನೋಟವನ್ನು ಬರೆಯುವಷ್ಟು ಶಕ್ತಿ ನನ್ನ ಲೇಖನಿಗಿಲ್ಲ. ಹೊಸ ಬಸ್ಸಿನ ಡ್ರೈವರನ ಕಾಲು ಹಿಡಿದೆ. "ಉದ್ಘಾಟನೆಯಾಗದೆ ಚಕ್ರ ತಿರುಗಿಸುವಂತಿಲ್ಲ ಸಾಹೇಬರೇ. ಅರ್ಜಿಯಲ್ಲಿ ನೀವೇ ಹಾಗೆ ಬರೆದಿದ್ದೀರಿ" ಎಂದ.

ಆಗ ನನ್ನ ಜೇಬಿನಲ್ಲಿ ಫೋನು ಗುಡುಗಿತು. ಗೊತ್ತಿಲ್ಲದ ನಂಬರು.

"ಹಲೋ, ಟವೆಲ್‌ವಾಲೇ ಭಾವೂ ಕಾ?" ಟವೆಲ್ಲಿನ ಅಣ್ಣ ನೀವೇನಾ ಎಂದು ಮರಾಠಿಯಲ್ಲಿ ಕೇಳುವ ಹೆಂಗಸಿನ ಗಟ್ಟಿ ಧ್ವನಿ. ಹಿಂದೆ ಬಸ್ಸಿನ ಗದ್ದಲ.

"ಅಯ್ಯೋ ಶಿವನೇ!" ಎಂದೆ.

"ಅಯ್ಯ! ನಮ್ಮ ಕಡೀಯವ್ರೇ ಇದ್ದೀರಲ್ರಿ! ಟವೆಲ್ ಬಂದ್ ಬೀಳೂದಕ್ಕೇ ನನಗ ಗೊತ್ತಾಯ್ತು ನೋಡ್ರಿ ಅಣ್ಣಾರ, ಇದು ನಮ್ಮ ಮಂದೀ ಕೈ ಅಂತ! ನಾ ಮಾಳವ್ವರಿ, ಅಫಜಲಪುರದಾಕಿ. ಇಲ್ಲೇ ಬಿಲ್ಡಿಂಗ್ ಕೆಲಸಕ್ಕ ಇರ್ತೀವಿ. ಸಂಭಾಜಿನಗರದಾಗ ಮಗಳು ಹಡದಾಳ, ನೋಡ್ಲಾಕ ಹೊಂಟೀನಿ. ಟವೆಲ್ ಮ್ಯಾಲಿನ ನಂಬರ್ ಬಾಜೂದವರ ಕೈಲಿ ಓದಿಸಿ ಹಚ್ಚೀನಿ. ಎಲ್ಲಿ ಕುಂತೀರಿ, ಹಿಂದೇನು? ಮುಂದ ಬರ್ರಿ. ಟವೆಲ್ ಅಗಲ ಮಾಡಿ ಮೂರು ಸೀಟಿಗಿ ಹಾಸೀನಿ. ಒಬ್ಬ ಮಗನ್ನೂ ಕುಂದ್ರಲಾಕ ಬಿಟ್ಟಿಲ್ಲ!"

"ಅವ್ವಾ, ನಾವು ಬಸ್ಸಿನಾಗ ಇಲ್ಲ!"

"ಮತ್ತೆಲ್ಲಿದ್ದೀರಿ?"

"ನಾಸಿಕ್ ರೋಡಿನಾಗ. ಚಹಾ ಕುಡೀಲಕತ್ತಿದ್ವಿ."

"ನಿಧಾನ ಕುಡೀರಿ. ನಾ ಹಿಡದೀನಿ!"

ಇಂಥ ನಿಷ್ಠೆಗೆ ನಗಬೇಕೋ ಅಳಬೇಕೋ! ಬಸ್ಸಿನಲ್ಲಿ ಏನೇನಾಯಿತೆಂದು ಆಕೆ ಒಂದೇ ಉಸಿರಿನಲ್ಲಿ ಹೇಳಿದಳು. ನಿಂತ ಜನ ಜಗಳ ತೆಗೆದರಂತೆ. ಕಂಡಕ್ಟರು ಬೆದರಿಸಿದನಂತೆ. ಯಾರೋ ಚೀಲ ಮುಟ್ಟಿ ನೋಡಿ, ಒಳಗೆ ಕಬ್ಬಿಣದ ಗುಂಡು ಕೈಗೆ ಹತ್ತಿ, "ಬಾಂಬ್!" ಎಂದು ಚೀರಿದನಂತೆ. "ನಾ ಅಂದೆ, ಲೇ ಖೋಡಿ, ಬಾಂಬ್ ಇಡಾವ ಟವೆಲ್ ಮ್ಯಾಲೆ ಹೆಸರು, ಫೋನ್ ನಂಬರ್ ಬರಸ್ತಾನೇನು? ಎಲ್ಲಾರೂ ಸುಮ್ಮ ಕುಂತ್ರು. ಅಲ್ಲ, ಸುಮ್ಮ ನಿಂತ್ರು."

"ಈಗ ಬಸ್ ಎಲ್ಲಿ ಅದವ್ವಾ?"

"ಯಾವನಿಗಿ ಗೊತ್ರಿ? ನಿಂತ್ ಬಿಟ್ಟದ. ಎಲ್ಲಿ ನೋಡಿದ್ರೂ ಕಾರೇ ಕಾರು. ಬಾಜೂಕ ಭಗೋಣಿ ಹಂಗ ಗುಂಡಾನ ದೊಡ್ಡ ಕಟ್ಟಡ ಅದ. ಮ್ಯಾಲೆ ಲೈಟಿನ ಕಂಬ. ಹುಡುಗರು ನಂಬರಿನ ಅಂಗಿ ಹಾಕ್ಕೊಂಡು ಒಳಗ ಹೋಗ್ಲಕತ್ತಾವ."

ಕ್ರೀಡಾಂಗಣ! ನಾನು ನಾಲ್ಕು ತಿಂಗಳಿಂದ ಯಾವ ಗೇಟಿಗೆ ಬಸ್ಸು ಬೇಕೆಂದು ಕೂಗುತ್ತಿದ್ದೆನೋ, ಆ ಗೇಟಿನ ಎದುರಿಗೆ ನಮ್ಮ ಚೀಲ ಸಾರ್ವಜನಿಕ ಸಾರಿಗೆಯಲ್ಲಿ, ಸೀಟಿನ ಮೇಲೆ ಕೂತು, ಆರಾಮಾಗಿ ತಲುಪಿತ್ತು. ನಾವು ತಲುಪಿರಲಿಲ್ಲ. ಬಸ್ಸು ಮುಂದಕ್ಕೆ ಹೋಗದಂತೆ ಹಿಡಿದು ನಿಲ್ಲಿಸಿದ್ದು ಅದೇ ಹಾಳು ಟ್ರಾಫಿಕ್ ಜಾಮು. ಜೀವಮಾನದಲ್ಲಿ ಮೊದಲ ಸಲ ನಾನು ಜಾಮಿಗೆ ಕೈ ಮುಗಿದೆ.

ಪ್ರಾಚಿ ಆಗಲೇ ತಾಯಿಯ ಫೋನಿನಿಂದ ತನ್ನ ಕ್ರೀಡಾ ಶಿಕ್ಷಕಿ ರೂಪಾ ಮೇಡಂಗೆ ಹಚ್ಚಿದ್ದಳು. ಅವರು ಗೇಟಿನಲ್ಲೇ ಇದ್ದರು, ಕೆಂಪು ಬಸ್ಸಿನ ಕಡೆಗೆ ಓಡಿದರು.

"ಮಾಳವ್ವಾ, ಒಬ್ಬರು ಮೇಡಂ ಬರ್ತಾರ. ಚೀಲ ಅವರ ಕೈಯಾಗ ಕೊಡ್ರಿ. ಸೀಟು ಬಿಟ್ಟು ಬಿಡ್ರಿ!" ಎಂದೆ.

ಆ ಕಡೆಯಿಂದ ಬಂದ ಧ್ವನಿಯಲ್ಲಿ ಬೇರೆಯದೇ ಖಾರವಿತ್ತು.

"ಸೀಟು ಬಿಡ್ಲಿ? ಇಷ್ಟು ಮಂದೀ ಕೂಡ ಬಡದಾಡಿ ಹಿಡದ ಸೀಟು ಬಿಡ್ಲಿ? ನೀವು ಖರೇನೇ ಟವೆಲ್ಲಿನ ಅಣ್ಣಾರೋ, ಇಲ್ಲಾ ಈ ಕಂಡಕ್ಟರನೇ ಯಾರ ಕೈಲೋ ಮಾತಾಡಸಲಕತ್ತಾನೋ? ನಮ್ಮ ಕಡೀ ಗಂಡಸು ಹಿಡದ ಸೀಟು ಬಿಡು ಅಂದಿದ್ದು ನಾ ಎಂದೂ ಕೇಳಿಲ್ಲ! ಚೀಲಾ ಕೊಡಾಂಗಿಲ್ಲ!"

"ಅವ್ವಾ, ನನ್ನ ಮಾತು ಕೇಳು…"

"ಗಾಡಿ ಹೊಂಟಿತು ನೋಡ್ರಿ, ಮುಂದಿನ ಕಾರ್ ಸರಿತು!"

ನೀಲಾಂಬಿಕಾ ಫೋನು ಕಸಿದುಕೊಂಡಳು.

"ಮಾಳಕ್ಕಾ, ನಾ ಟವೆಲ್ಲಿನೋರ ಹೆಣ್ತಿರಿ. ಚೀಲ ಕೊಡ್ರಿ, ಟವೆಲ್ ಇಡ್ರಿ. ಸೀಟು ಬಿಡಬ್ಯಾಡ್ರಿ. ಟವೆಲ್ ಇತ್ತಂದ್ರ ಸೀಟ್ ಇತ್ತು. ಹೌದಿಲ್ಲೋ?"

"ಹಾಂ! ಹಿಂಗ ತಿಳಿಯಂಗ ಹೇಳ್ಬೇಕ ನೋಡವ್ವಾ! ಗಂಡಸರಿಗಿ ಮಾತೇ ಬರಾಂಗಿಲ್ಲ!"

ಮರುಕ್ಷಣ ಪ್ರಾಚಿಯ ಕೈಯಲ್ಲಿದ್ದ ಫೋನಿನಲ್ಲಿ ರೂಪಾ ಮೇಡಂ ಕೂಗಿದರು. ಕಿಟಕಿಯಿಂದ ಚೀಲ ಅವರ ಕೈಗೆ ಬಂದಿತ್ತು. ಗುಂಡಿನ ಭಾರಕ್ಕೆ ಅವರು ಅರ್ಧ ಕೂತೇಬಿಟ್ಟಿದ್ದರು.

ಇನ್ನು ಉಳಿದದ್ದು ಪ್ರಾಚಿಯನ್ನು ತಲುಪಿಸುವುದು. ನೀಲಾಂಬಿಕಾ ಆಗಷ್ಟೇ ಬಂದು ನಿಂತ ಇನ್ನೊಂದು ಕೆಂಪು ಬಸ್ಸಿನ ಕಂಡಕ್ಟರನಿಗೆ ಮರಾಠಿಯಲ್ಲಿ ಕೇಳಿದಳು, "ಭಾವೂ, ಈ ಗಾಡಿ ಸ್ಟೇಡಿಯಮ್ಮಿನ ಹತ್ತಿರ ನಿಲ್ಲುತ್ತದೆಯೇ?"

"ಈ ಕಡೆ ಹೋಗುವ ಎಲ್ಲಾ ಗಾಡಿಯೂ ನಿಲ್ಲುತ್ತದೆ ತಾಯೀ. ಬೆಳಗಿನಿಂದ ರಾತ್ರಿವರೆಗೆ. ಹತ್ತಿ, ಹತ್ತಿ!"

ಕೇಳಿಸಿಕೊಂಡಿರಾ? ಎಲ್ಲಾ ಗಾಡಿಯೂ! ನಾಲ್ಕು ತಿಂಗಳು ನಾನು ಬರೆದ ಅರ್ಜಿಗಳು ಒಂದೊಂದಾಗಿ ಕಣ್ಣೆದುರು ಹಾದುಹೋದವು. ಇಷ್ಟು ಬರೆದ ನಾನು ಒಂದೇ ಒಂದು ದಿನ ಬಸ್ ಸ್ಟ್ಯಾಂಡಿಗೆ ಬಂದು ಬಾಯಿಬಿಟ್ಟು ಕೇಳಿರಲಿಲ್ಲ. ನೀಲಾಂಬಿಕಾ ನನ್ನ ಕಡೆ ತಿರುಗಿಯೂ ನೋಡದೆ ಮಗಳ ಕೈ ಹಿಡಿದು ಹತ್ತಿದಳು.

ಅದೇ ಹೊತ್ತಿಗೆ ಮುಖ್ಯ ಅತಿಥಿಗಳ ಕಾರು ಒಳಬಂತು. ನನ್ನ ಕೈಯಲ್ಲಿ ಅವರಿಗೆಂದು ತಂದ ಗುಲಾಬಿಯ ಹಾರ. ಜೇಬಿನಲ್ಲಿ ಭಾಷಣ. ಫೋಟೋಗ್ರಾಫರು ಕ್ಯಾಮೆರಾ ಎತ್ತಿದ್ದ. ಕೆಂಪು ಬಸ್ಸಿನ ಕಿಟಕಿಯಲ್ಲಿ ಪ್ರಾಚಿಯ ಮುಖ. ನನ್ನನ್ನೇ ನೋಡುತ್ತಿದ್ದಳು.

"ಮನ್ಮಥಪ್ಪನವರೇ, ನೀವೇ ಸಂಚಾಲಕರು!" ಎಂದು ಕೂಗಿ, ಹೊರಟ ಬಸ್ಸಿನ ಬಾಗಿಲಿಗೆ ಜೋತುಬಿದ್ದೆ. ಹಿಂದಿನಿಂದ "ಬರೋಬ್ಬರಿ ಅದ!" ಎಂಬುದು ಕೇಳಿಸಿತು.

ಬಸ್ಸಿನಲ್ಲಿ ಎಲ್ಲಾ ಸೀಟಿನ ಮೇಲೂ ಯಾರದೋ ಕರವಸ್ತ್ರ, ಯಾರದೋ ಚೀಲ. ಕ್ರೀಡಾಂಗಣದ ತನಕ ಹಾರ ಹಿಡಿದು ನಿಂತೇ ಹೋದೆ. ಹೆಂಗಸೊಬ್ಬಳು, "ಮದುವೆ ಎಲ್ಲಿ?" ಎಂದು ಕೇಳಿದಳು. "ನನ್ನದು ಆಗಿ ಹೋಗಿದೆ" ಎಂದೆ.

ಜಾಮಿನ ಬಾಲ ಕಂಡ ಕೂಡಲೇ ಇಳಿದು ಓಡಿದೆವು. ಗುಂಡು ಎಸೆತದ ಕಡೆಯ ಕರೆ ಕೂಗುತ್ತಿದ್ದರು. ರೂಪಾ ಮೇಡಂ ಪ್ರಾಚಿಯ ಬೂಟಿನ ದಾರ ಸಡಿಲಿಸಿ ಹಿಡಿದು ತಯಾರಾಗಿದ್ದರು. ಪ್ರಾಚಿ ನಂಬರಿನ ಅಂಗಿ ತೊಟ್ಟು ವೃತ್ತದೊಳಗೆ ಕಾಲಿಟ್ಟಳು. ಗುಂಡು ಗದ್ದಕ್ಕೆ ಒತ್ತಿ, ಒಮ್ಮೆ ಪ್ರೇಕ್ಷಕರ ಕಡೆ, ಅಂದರೆ ನನ್ನ ಕಡೆ, ದುರುಗುಟ್ಟಿ ನೋಡಿದಳು. ಆಮೇಲೆ ಹೂಂಕರಿಸಿದಳು. ಆ ಗುಂಡು ಎಷ್ಟು ದೂರ ಹೋಯಿತೆಂದರೆ, ಅಳತೆಯ ಟೇಪು ಹಿಡಿದಿದ್ದವನು ಹಿಂದಕ್ಕೆ ಹಾರಬೇಕಾಯಿತು!

ಎರಡನೆಯ ಸ್ಥಾನ! ವಿಭಾಗ ಮಟ್ಟಕ್ಕೆ ಆಯ್ಕೆ! ನಾನು ಮರೆಯಿಲ್ಲದೆ ಅತ್ತೆ. ಮುಖ್ಯ ಅತಿಥಿಗಳ ಹಾರ ಇನ್ನೂ ನನ್ನ ಕೈಯಲ್ಲೇ ಇತ್ತು. ಅದು ಸೇರಬೇಕಾದ ಕೊರಳನ್ನೇ ಸೇರಿತು.

"ಇಷ್ಟು ಛಾನ್ ಎಸೆಯೋದು ಯಾರು ಕಲಿಸಿದ್ರು?" ಎಂದು ಪತ್ರಿಕೆಯವರೊಬ್ಬರ ಪ್ರಶ್ನೆ.

ಪ್ರಾಚಿ ಮರಾಠಿಯಲ್ಲಿ ಹೇಳಿದಳು, "ಎಸೆಯೋದು ಪಪ್ಪಾನ ಕಡೆಯಿಂದ ಬಂತು. ಎಲ್ಲಿ ಎಸೀಬೇಕು ಅನ್ನೋದು ಮಮ್ಮಿಯ ಕಡೆಯಿಂದ."

ಬಹುಮಾನ ವಿತರಣೆ ಮುಗಿಯುವಾಗ ಸಂಜೆ. ಗೇಟಿನ ಎದುರು ನನ್ನ ಬಿಳಿ ಬಸ್ಸು ಬಲೂನು ಕಟ್ಟಿಕೊಂಡು ನಿಂತಿತ್ತು. ಒಳಗೆ ತಂಪು, ಸೀಟೆಲ್ಲ ಖಾಲಿ. ನಾನು ಎದೆ ಸೆಟೆಸಿ ಹೆಂಡತಿಯನ್ನು ಕರೆದೆ. ಡ್ರೈವರು ಕೈ ಅಡ್ಡ ಹಿಡಿದ. "ಇಂದು ಬರೀ ಉದ್ಘಾಟನೆ ಸಾಹೇಬರೇ. ಜನರನ್ನು ಹತ್ತಿಸಿಕೊಳ್ಳುವುದು ಮುಂದಿನ ಆದೇಶ ಬಂದ ಮೇಲೆ."

ರಸ್ತೆ ಬದಿಗೆ ಬಂದು ನಿಂತೆವು. ನಮ್ಮ ಸುತ್ತ ಊರಿಗೂರೇ ನಿಂತಿತ್ತು. ಬಂದ ಬಸ್ಸುಗಳೆಲ್ಲ ಭರ್ತಿ. ಬೆಳಗಿನಿಂದ ನಿಂತ ಪ್ರಾಚಿಯ ಕಾಲುಗಳು ಸೋತಿದ್ದವು. ಕಡೆಗೆ ಚೆಂಡುಹೂವಿನ ಬಾಡಿದ ಹಾರ ಹಾಕಿಕೊಂಡ ಬಸ್ಸೊಂದು ಸಂಭಾಜಿನಗರದ ಕಡೆಯಿಂದ ಬಂದು ನಿಂತಿತು. ಒಳಗೆ ಸೂಜಿ ಹಾಕಲು ಜಾಗವಿಲ್ಲ. ಆದರೆ ನಡುವೆ, ಕಿಟಕಿಯ ಪಕ್ಕ, ಮೂರು ಸೀಟು ಖಾಲಿ! ಉದ್ದಕ್ಕೂ, ಅಕ್ಷರ ಕೆಳಗಾಗಿ ಹಾಸಿದ ಬಿಳಿಯ ಟವೆಲ್ಲು! ನಿಂತವರೆಲ್ಲ ಆ ಸೀಟುಗಳಿಗೆ ಕಾಲು ತಾಗದಂತೆ ಸರಿದು, ದೇವರ ಕಟ್ಟೆ ಎಂಬಂತೆ ದೂರ ನಿಂತಿದ್ದರು.

ಕಂಡಕ್ಟರು ಬಾಗಿಲಲ್ಲಿ ಕೂಗಿದ, "ಸ್ಟೇಡಿಯಂ! ಟವೆಲ್ಲಿನವರು ಯಾರು? ಇದ್ದರೆ ಹತ್ತಿ, ಉಪಕಾರವಾಗುತ್ತದೆ!"

ನಾವು ಮೂವರೂ ತಲೆ ತಗ್ಗಿಸಿಕೊಂಡು ಹತ್ತಿ, ಟವೆಲ್ಲೆತ್ತಿ ಕೂತೆವು. ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಕಂಡಕ್ಟರು ಹಣೆ ಒರೆಸಿಕೊಂಡು ಮರಾಠಿಯಲ್ಲಿ ಶುರುಮಾಡಿದ.

"ಏನು ಹೆಂಗಸಪ್ಪಾ ಆಕೆ! ಸಂಭಾಜಿನಗರದಲ್ಲಿ ಇಳಿಯುವಾಗ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. 'ಇದೇ ಗಾಡಿ ತಿರುಗಿ ಹೋಗುತ್ತದಲ್ಲ, ಸ್ಟೇಡಿಯಮ್ಮಿನ ಹತ್ತಿರ ಅವರು ಹತ್ತುವ ತನಕ ಯಾರನ್ನೂ ಕೂರಿಸಬೇಡ, ಮಗು ನೋಡಿ ಬಂದ ಮೇಲೆ ನಾನು ಕೇಳುತ್ತೇನೆ' ಎಂದಳು. ಬರುವ ದಾರಿಯುದ್ದಕ್ಕೂ ನನಗೆ ಜಗಳ! ಯೇವಲಾದಲ್ಲಿ ಒಬ್ಬರು ಪೈಠಣಿ ಸೀರೆಯ ಗಂಟು ಇಡಲು ಬಂದರೂ ಬಿಡಲಿಲ್ಲ."

"ಥ್ಯಾಂಕ್ಯೂ" ಎಂದು ಮೆಲ್ಲಗೆ ಅಂದೆ.

"ಇರಲಿ ಬಿಡಿ. ನಿಮ್ಮಂಥ ಸಜ್ಜನರು ಬಸ್ಸಿನಲ್ಲಿ ಬರುತ್ತೀರಲ್ಲ, ಸಂತೋಷ. ಈ ಊರಲ್ಲಿ ಯಾವನೋ ಒಬ್ಬ ಇದ್ದಾನಂತೆ, ಸ್ಟೇಡಿಯಮ್ಮಿಗೆ ಒಂದೇ ಒಂದು ಬಸ್ಸೂ ಇಲ್ಲ ಎಂದು ಕಂಡಕಂಡವರಿಗೆಲ್ಲ ಅರ್ಜಿ ಬರೆಯುತ್ತಾನಂತೆ! ದಿನವೂ ನಾವು ಈ ರಸ್ತೆಯಲ್ಲಿ ಟೈರು ಸವೆಸುತ್ತೇವೆ. ಆ ಮಹಾಶಯ ನನ್ನ ಕೈಗೆ ಸಿಗಬೇಕು, ಅವನ ಮುಖ ಒಮ್ಮೆ ನೋಡಬೇಕು!"

ಬಸ್ಸೆಲ್ಲ ಗೊಳ್ಳೆಂದಿತು. ನಾನು ಮಡಿಲಲ್ಲಿದ್ದ ಟವೆಲ್ಲನ್ನೆತ್ತಿ ಮುಖಕ್ಕೆ ಮುಚ್ಚಿಕೊಂಡು, ನಿದ್ದೆ ಬಂದವನಂತೆ ಸೀಟಿಗೊರಗಿದೆ.

ಇದ್ದಕ್ಕಿದ್ದಂತೆ ನಗು ನಿಂತಿತು. ಕಂಡಕ್ಟರು ಹತ್ತಿರ ಬಗ್ಗಿ ಏನನ್ನೋ ಅಕ್ಷರ ಕೂಡಿಸಿ ಓದುತ್ತಿರುವುದು ಕೇಳಿಸಿತು. ಆಮೇಲೆ ನನ್ನ ಕಿವಿಯ ಬಳಿ ನೀಲಾಂಬಿಕಾಳ ಮೆಲುದನಿ ಬಂತು.

"ರೀ, ತಿರುವಿ ಹೊಚ್ಕೋರಿ. ಹೆಸರು ಹೊರಗ ಬಂದದ."